ಅರ್ಧ ಬೆಲೆಗೆ ಸಿಗುವ ಟ್ರಾನ್ಸ್‌ಡ್ಯೂಸರ್ ತಗೊಳ್ಳಬಹುದಾ?

ಓದುಗರ ಪ್ರಶ್ನೆಗಳಿಗೆ ಮಲ್ಪೆ ಬಂದರಿನ ಬೋಟ್ ಎಲೆಕ್ಟ್ರಾನಿಕ್ಸ್ ರಿಪೇರಿಯವರ ಉತ್ತರ

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಮಳೆಗಾಲದ ಮೀನುಗಾರಿಕೆ ನಿಷೇಧ; ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬೋಟು ದಡ ಸೇರಿದ ಮೇಲೆ ರಿಪೇರಿ ಕೆಲಸ ಶುರು. ಬಿಡುವಿನಲ್ಲಿ ಮೊಬೈಲ್ ತೆರೆದರೆ ಫಿಶ್ ಫೈಂಡರ್ (ಕಡಲ ತಳ, ಮೀನು ತೋರಿಸುವ ಸೆಟ್), ಅದಕ್ಕಾಗಿ ನೀರಿನೊಳಗೆ ಶಬ್ದ ಬಿಟ್ಟು ಹಿಡಿಯುವ ಟ್ರಾನ್ಸ್‌ಡ್ಯೂಸರ್, ಜಿಪಿಎಸ್, ವಯರ್‌ಲೆಸ್ ಎಲ್ಲವೂ ಅರ್ಧ ಬೆಲೆಗೆ ಕಾಣುತ್ತವೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇದೇ ವಿಷಯದವು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ಅಣ್ಣ, ನಮ್ಮದು ಕಬ್ಬಿಣದ ಟ್ರಾಲ್ ಬೋಟ್. ಮೇ ತಿಂಗಳ ಕೊನೆಯ ಟ್ರಿಪ್ಪಿನಲ್ಲಿ ಫಿಶ್ ಫೈಂಡರ್ ಕೈಕೊಟ್ಟಿತು. ಸ್ಕ್ರೀನ್ ಹತ್ತುತ್ತದೆ, ಆದರೆ ತಳ ಕಾಣುವುದಿಲ್ಲ. ಆಳದ ಅಂಕಿ ಇರುವ ಜಾಗದಲ್ಲಿ ಬರೀ ಗೆರೆ ಬರುತ್ತದೆ. ಟ್ರಾನ್ಸ್‌ಡ್ಯೂಸರ್ ಹೋಗಿದೆ ಅಂತ ನೋಡಿದವರು ಹೇಳಿದರು. ಅಂಗಡಿಯಲ್ಲಿ 34,000 ರೂಪಾಯಿ. ಆನ್‌ಲೈನ್‌ನಲ್ಲಿ ಅದೇ ತರಹದ ಕಂಚಿನದ್ದು 16,500ಕ್ಕೆ ಇದೆ. 'ಎಲ್ಲ ಕಂಪನಿಯ ಸೆಟ್ಟಿಗೂ ಆಗುತ್ತದೆ' ಎಂದು ಬರೆದಿದ್ದಾರೆ. ತಗೊಳ್ಳಲಾ?
— ಬೋಟ್ ಮಾಲೀಕರು, ಗಂಗೊಳ್ಳಿ

ಉತ್ತರ: ತಗೊಳ್ಳಬೇಡಿ. ಬೆಲೆ ಕಡಿಮೆ ಎಂಬ ಕಾರಣಕ್ಕೆ ಬೇಡ ಎನ್ನುತ್ತಿಲ್ಲ. ನಿಮ್ಮದು ಕಬ್ಬಿಣದ ಬೋಟ್, ಅವರು ಮಾರುತ್ತಿರುವುದು ಕಂಚಿನದ್ದು. ಅದನ್ನು ಪುಕ್ಕಟೆ ಕೊಟ್ಟರೂ ಹಾಕಬಾರದು.

ಉಪ್ಪುನೀರಿನಲ್ಲಿ ಕಂಚೂ ಕಬ್ಬಿಣವೂ ಒಂದಕ್ಕೊಂದು ತಾಗಿಕೊಂಡಿದ್ದರೆ ಅಲ್ಲೊಂದು ಬ್ಯಾಟರಿಯೇ ಆಗುತ್ತದೆ. ಸಣ್ಣ ಕರೆಂಟ್ ಹರಿಯುತ್ತಲೇ ಇರುತ್ತದೆ. ಆಗ ಸವೆಯುವುದು ಕಂಚಲ್ಲ, ಅದರ ಸುತ್ತಲಿನ ನಿಮ್ಮ ಬೋಟಿನ ತಗಡು. ಬೋಟಿನ ತಳಕ್ಕೆ ನಾವು ಜಿಂಕ್ ತುಂಡು ಹಾಕುತ್ತೇವಲ್ಲ, ಅದೂ ಇದಕ್ಕೇ. ಕಬ್ಬಿಣದ ಬದಲು ಜಿಂಕ್ ಸವೆಯಲಿ ಎಂದು. ತಳದಲ್ಲಿ ತೂತು ಕೊರೆದು ಕೂರಿಸಿದ ಜಾಗದಲ್ಲೇ ತಗಡು ತೆಳುವಾದರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಕಬ್ಬಿಣದ ಬೋಟಿಗೆ ಪ್ಲಾಸ್ಟಿಕ್ ಮೈಯದ್ದು ಹಾಕಬಹುದು. ಸ್ಟೇನ್‌ಲೆಸ್ ಸ್ಟೀಲ್‌ನದ್ದೂ ಆಗುತ್ತದೆ, ಆದರೆ ಅದು ಬೋಟಿನ ತಗಡಿಗೆ ತಾಗದಂತೆ ನಡುವೆ ಇನ್ಸುಲೇಶನ್ ಬುಶ್ ಇರಲೇಬೇಕು. ಮರದ ಬೋಟಿನವರಿಗೆ ಇದು ತಿರುವುಮುರುವು. ಅವರಿಗೆ ಕಂಚು ಒಳ್ಳೆಯದು, ಪ್ಲಾಸ್ಟಿಕ್ ಬೇಡ. ಮರ ನೀರು ಕುಡಿದು ಉಬ್ಬಿದಾಗ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಫೈಬರ್ ಬೋಟಿಗೆ ಎರಡೂ ನಡೆಯುತ್ತದೆ.

ಆನ್‌ಲೈನ್‌ನಲ್ಲಿ ಮಾರುವವರು ಇದನ್ನು ಯಾರೂ ಕೇಳುವುದಿಲ್ಲ. ಅಂಗಡಿಯವನು ಮೊದಲು ಕೇಳುವ ಪ್ರಶ್ನೆಯೇ 'ಬೋಟ್ ಯಾವುದರದ್ದು?' ಅಂತ. ಅವನು ಜಾಸ್ತಿ ಹೇಳುವ ದುಡ್ಡಿನಲ್ಲಿ ಈ ಪ್ರಶ್ನೆಯ ಬೆಲೆಯೂ ಸೇರಿದೆ ಎಂದೇ ನಾನು ಲೆಕ್ಕ ಹಾಕುವುದು.

'ಎಲ್ಲ ಕಂಪನಿಗೂ ಆಗುತ್ತದೆ' ಎಂಬ ಮಾತನ್ನೂ ನಂಬಬೇಡಿ. ಹಾಗೆ ಆಗುವ ಟ್ರಾನ್ಸ್‌ಡ್ಯೂಸರ್ ಇಲ್ಲ. ಅದರೊಳಗೆ ಸೆರಾಮಿಕ್ ಬಿಲ್ಲೆ ಇರುತ್ತದೆ. ಸೆಟ್ ಕಳಿಸಿದ ಕರೆಂಟಿಗೆ ಅದು ನಡುಗಿ ಶಬ್ದ ಬಿಡುತ್ತದೆ, ತಳದಿಂದ ವಾಪಸ್ ಬಂದ ಶಬ್ದವನ್ನು ಮತ್ತೆ ಕರೆಂಟ್ ಮಾಡಿ ಕಳಿಸುತ್ತದೆ. ಬಿಲ್ಲೆ ಯಾವ ಫ್ರೀಕ್ವೆನ್ಸಿಗೆ ಮಾಡಿದ್ದೋ ಅದರಲ್ಲೇ ಚೆನ್ನಾಗಿ ನಡುಗುವುದು. ನಮ್ಮ ಕಡೆಯ ಹೆಚ್ಚಿನ ಸೆಟ್ಟುಗಳು 50 ಮತ್ತು 200 ಕಿಲೋಹರ್ಟ್ಜ್‌ನವು. ಆಳಕ್ಕೆ 50, ಕಡಿಮೆ ನೀರಲ್ಲಿ ಸ್ಪಷ್ಟ ಚಿತ್ರಕ್ಕೆ 200. ಸೆಟ್ ಒಂದು, ಬಿಲ್ಲೆ ಇನ್ನೊಂದು ಆದರೆ ಹತ್ತು ಮಾರು (ಒಂದು ಮಾರು ಎಂದರೆ ಸುಮಾರು ಆರು ಅಡಿ) ನೀರಲ್ಲಿ ಹೇಗೋ ತಳ ಕಾಣುತ್ತದೆ, ಎಪ್ಪತ್ತು ಮಾರಿಗೆ ಹೋದಾಗ ಸ್ಕ್ರೀನ್ ಖಾಲಿ. ಪವರ್ ಕೂಡ ಹೊಂದಬೇಕು. 600 ವ್ಯಾಟ್ ಕೊಡುವ ಸೆಟ್ಟಿಗೆ 300 ವ್ಯಾಟ್ ತಡೆಯುವ ಟ್ರಾನ್ಸ್‌ಡ್ಯೂಸರ್ ಹಾಕಿದರೆ ಅದು ಬಾಳುವುದಿಲ್ಲ.

ಇನ್ನು ಪ್ಲಗ್. ಫುರುನೋದ 10 ಪಿನ್ನಿನದ್ದು ಬೇರೆ, ಗಾರ್ಮಿನ್‌ನ 8 ಪಿನ್ನಿನದ್ದು ಬೇರೆ, 12 ಪಿನ್ನಿನದ್ದು ಇನ್ನೂ ಬೇರೆ. ಪ್ಲಗ್ ಕೂರದಿದ್ದಾಗ ಕೇಬಲ್ ಕತ್ತರಿಸಿ ಹಳೆಯ ಪ್ಲಗ್ಗಿಗೆ ಸೇರಿಸಿ ಎಂದು ಮಾರುವವನೇ ಸಲಹೆ ಕೊಡುತ್ತಾನೆ. ಕತ್ತರಿಸಿದ ಕ್ಷಣ ವಾರಂಟಿಯೂ ಹೋಯಿತು, ವಾಪಸ್ ಕೊಡುವ ದಾರಿಯೂ ಹೋಯಿತು. ಎಂಜಿನ್ ರೂಮಿನ ಬಿಸಿ, ತೇವ, ಡೀಸೆಲ್ ನಡುವೆ ಆ ಜಾಯಿಂಟ್ ಎಷ್ಟು ದಿನ ಇದ್ದೀತು? ಜಾಯಿಂಟಿನಲ್ಲಿ ಹೊರಗಿನ ಕರೆಂಟಿನ ಗಲಾಟೆ ತಡೆಯುವ ಶೀಲ್ಡ್ ವಯರ್ ಸರಿಯಾಗಿ ಕೂರದಿದ್ದರೆ ಎಂಜಿನ್ ಶುರು ಮಾಡಿದ ತಕ್ಷಣ ಸ್ಕ್ರೀನ್ ತುಂಬ ಚುಕ್ಕೆ. ಮೀನು ಯಾವುದು, ಗಲಾಟೆ ಯಾವುದು ಎಂದು ಬೋಟ್ ನಡೆಸುವ ತಂಡೇಲನಿಗೂ ತಿಳಿಯುವುದಿಲ್ಲ.

ಆದರೆ ದುಡ್ಡು ಬಿಚ್ಚುವ ಮೊದಲು ಇನ್ನೊಂದು ಕೆಲಸ ಮಾಡಿ. ಹಳೆಯದು ನಿಜವಾಗಿ ಸತ್ತಿದೆಯಾ ನೋಡಿ. ಈಗ ಬೋಟ್ ದಡದ ಮೇಲಿದೆ, ಟ್ರಾನ್ಸ್‌ಡ್ಯೂಸರ್ ಕೈಗೆ ಸಿಗುತ್ತದೆ. ಅದರ ಮುಖಕ್ಕೆ ಚಿಪ್ಪು ಹತ್ತಿದೆಯಾ? ಕಳೆದ ವರ್ಷ ತಳಕ್ಕೆ ಬಣ್ಣ ಹೊಡೆದವರು ಅದರ ಮೇಲೂ ದಪ್ಪಗೆ ಬಳಿದಿದ್ದಾರಾ? ಚಿಪ್ಪನ್ನು ಪ್ಲಾಸ್ಟಿಕ್ ತುಂಡಿನಿಂದ ಮೆಲ್ಲಗೆ ತೆಗೆಯಿರಿ. ಉಳಿ, ಕತ್ತಿ ತಾಗಿಸಬೇಡಿ. ಥಿನ್ನರ್ ಹಾಕಬೇಡಿ, ಮುಖದ ಪ್ಲಾಸ್ಟಿಕ್ ಹಾಳಾಗುತ್ತದೆ. ಬಣ್ಣ ಹೊಡೆಯಲೇಬೇಕೆಂದರೆ ಚಿಪ್ಪು ಹತ್ತದಂತೆ ತಡೆಯುವ, ನೀರಿನ ಆಧಾರದ ಆಂಟಿಫೌಲಿಂಗ್ ಬಣ್ಣ, ಅದೂ ತೆಳ್ಳಗೆ. ಆಮೇಲೆ ಕ್ಯಾಬಿನ್ನಿನಲ್ಲಿ ಪ್ಲಗ್ ಬಿಚ್ಚಿ ಪಿನ್ನುಗಳನ್ನು ನೋಡಿ. ಹಸಿರು ಹಿಡಿದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಒಣಗಿಸಿ. 'ಟ್ರಾನ್ಸ್‌ಡ್ಯೂಸರ್ ಹೋಗಿದೆ' ಎಂದು ನನ್ನ ಬಳಿ ಬರುವ ಸೆಟ್ಟುಗಳಲ್ಲಿ ಎಷ್ಟೋ ಸಲ ಹೋಗಿರುವುದು ಪ್ಲಗ್ ಮಾತ್ರ.

ನಿಜವಾಗಿ ಸತ್ತಿದ್ದರೆ, ಹಳೆಯದರ ಕೇಬಲ್ಲಿನಲ್ಲಿ ಪ್ಲಗ್ ಹತ್ತಿರ ಒಂದು ಲೇಬಲ್ ಇರುತ್ತದೆ. ಅದರಲ್ಲಿರುವ ಪಾರ್ಟ್ ನಂಬರ್ ಬರೆದುಕೊಳ್ಳಿ. ಆ ನಂಬರಿನದ್ದೇ ಆನ್‌ಲೈನ್‌ನಲ್ಲಿ ಕಡಿಮೆಗೆ ಇದ್ದರೆ ಮಾರುವವರಿಗೆ ಲೇಬಲ್ಲಿನ ಫೋಟೋ ಕಳಿಸಲು ಹೇಳಿ. ಲಿಸ್ಟಿಂಗಿನ ಚಿತ್ರ ಬೇಡ, ಅವರ ಕೈಯಲ್ಲಿರುವ ಸಾಮಾನಿನದ್ದೇ ಬೇಕು. ಕಳಿಸದಿದ್ದರೆ ಅಲ್ಲಿಗೆ ಬಿಡಿ.

ಅಂಥದ್ದು ಸಿಕ್ಕಿ ತರಿಸಿದಿರಿ ಅಂತಿಟ್ಟುಕೊಳ್ಳಿ. ನಮ್ಮ ಕಡೆ ಜಾಸ್ತಿ ಜನ ಸೋಲುವುದು ಇಲ್ಲೇ. ಜೂನ್ ಮೊದಲ ವಾರ ಪಾರ್ಸೆಲ್ ಬರುತ್ತದೆ. ಬೋಟಿನ ಕೆಲಸ ಮುಗಿಯುವುದು ಜುಲೈ ಕೊನೆಗೆ. ಅಷ್ಟೂ ದಿನ ಡಬ್ಬಿ ಅಟ್ಟದ ಮೇಲೆ. ವಾಪಸ್ ಕೊಡಲು ಇದ್ದದ್ದು ಏಳೋ ಹತ್ತೋ ದಿನ. ಆಗಸ್ಟಿನಲ್ಲಿ ಕಡಲಿಗೆ ಹೋದ ಮೇಲೆ ದೋಷ ಗೊತ್ತಾದರೆ ಯಾರನ್ನು ಕೇಳುವುದು? ಹಾಗಾಗಿ ಬಂದ ದಿನವೇ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಾ ಡಬ್ಬಿ ಬಿಚ್ಚಿ. ಸೆಟ್ಟನ್ನು ಮನೆಗೆ ತಂದಿದ್ದರೆ ಒಂದು ಬ್ಯಾಟರಿ ಸಮೇತ ದಕ್ಕೆಗೆ (ಬೋಟ್ ಕಟ್ಟುವ ಕಟ್ಟೆಗೆ) ಒಯ್ಯಿರಿ. ಟ್ರಾನ್ಸ್‌ಡ್ಯೂಸರ್‌ನ ಮುಖ ಕೆಳಗೆ ಮಾಡಿ ನೀರಿನೊಳಗೆ ಇಳಿಸಿ, ಆಮೇಲೆ ಸೆಟ್ ಆನ್ ಮಾಡಿ. ನೀರಿನ ಹೊರಗೆ ತುಂಬ ಹೊತ್ತು ಓಡಿಸಬೇಡಿ, ಬಿಸಿಯಾಗುತ್ತದೆ. ಬಕೆಟ್ಟಿನಲ್ಲಿ ನೋಡಿದರೆ ಆಳ ಗೊತ್ತಾಗುವುದಿಲ್ಲ, ಎರಡು ಮಾರಾದರೂ ನೀರು ಬೇಕು. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ ಅಳೆಯಿರಿ, ಸ್ಕ್ರೀನಿನ ಅಂಕಿಯ ಜೊತೆ ಹೋಲಿಸಿ. ನೀರಿನ ಬಿಸಿ ತೋರಿಸುವ ಮಾದರಿಯಾದರೆ ಅದೂ ಬರುತ್ತಿದೆಯಾ ನೋಡಿ. ಸರಿಯಿದ್ದರೆ ಮಾತ್ರ ಒಳಗಿಡಿ.

ನೀರಿನ ಕೆಳಗೆ ಕೂರುವ ಸಾಮಾನಿನ ಲೆಕ್ಕವೇ ಬೇರೆ, ಅಣ್ಣ. ಸ್ಕ್ರೀನ್ ಕೆಟ್ಟರೆ ಎರಡು ಸ್ಕ್ರೂ ಬಿಚ್ಚಿ ಅಂಗಡಿಗೆ ತರಬಹುದು. ಟ್ರಾನ್ಸ್‌ಡ್ಯೂಸರ್ ಕೆಟ್ಟರೆ ಬೋಟನ್ನೇ ಮೇಲೆ ಎಳೆಯಬೇಕು. ಮೀನಿನ ಕಾಲದಲ್ಲಿ ಬೋಟ್ ದಡದಲ್ಲೇ ನಿಂತರೆ ಆ ಟ್ರಿಪ್ಪಿನ ಡೀಸೆಲ್, ಐಸ್, ಬೋಟಿನ ಕೆಲಸಗಾರರಾದ ಕಲಾಸಿಗಳ ಪಾಲು ಎಲ್ಲವನ್ನೂ ಲೆಕ್ಕ ಹಾಕಿ. ನೀವು ಉಳಿಸಿದ 17,500 ಎಲ್ಲಿ ಉಳಿಯಿತು?

ಪ್ರಶ್ನೆ: ಹಾಗಾದರೆ ಆನ್‌ಲೈನ್‌ನಲ್ಲಿ ಏನನ್ನೂ ತಗೊಳ್ಳಬಾರದಾ? ಇಲ್ಲಿನ ಅಂಗಡಿಗಳಲ್ಲಿ ಸ್ಟಾಕೇ ಇರುವುದಿಲ್ಲ.
— ಪರ್ಸೀನ್ ಬೋಟಿನವರು, ಮಂಗಳೂರು

ಉತ್ತರ: ಧಾರಾಳವಾಗಿ ತಗೊಳ್ಳಿ. ಸ್ಕ್ರೀನಿನ ಸ್ಟ್ಯಾಂಡ್, ಬಿಸಿಲಿನ ಕವರ್, ಫ್ಯೂಸ್ ಹೋಲ್ಡರ್, ಪವರ್ ಕೇಬಲ್, ಆಂಟೆನಾ ಕೂರಿಸುವ ಬ್ರಾಕೆಟ್, ಇವುಗಳಲ್ಲಿ ಆನ್‌ಲೈನ್ ಬೆಲೆ ನಿಜವಾಗಿ ಕಡಿಮೆ ಇರುತ್ತದೆ. ವಯರ್ ಮಾತ್ರ ತವರ ಬಳಿದ ತಾಮ್ರದ್ದೇ ಆಗಲಿ. ತುದಿ ಸುಲಿದರೆ ಒಳಗಿನ ಎಳೆ ಬೆಳ್ಳಿ ಬಣ್ಣದಲ್ಲಿರಬೇಕು. ಕೆರೆದಾಗ ಒಳಗೆ ತಾಮ್ರದ ಕೆಂಪು ಕಾಣಬೇಕು. ಕೆರೆದರೂ ಬೆಳ್ಳಗೇ ಇದ್ದರೆ ಅದು ಅಲ್ಯೂಮಿನಿಯಂ, ಬೋಟಿಗೆ ಬೇಡ.

ಕಳೆದ ವರ್ಷದ ಮಾಡೆಲ್ ಸ್ಕ್ರೀನ್, ಡಬ್ಬಿ ಬಿಚ್ಚಿದ್ದು, ಡೆಮೋಗೆ ಇಟ್ಟಿದ್ದು, ಇವೂ ಒಳ್ಳೆಯ ವ್ಯಾಪಾರವೇ, ಸೀರಿಯಲ್ ನಂಬರ್ ಬರೆದ ಬಿಲ್ ಇದ್ದರೆ. ಒಂದು ವಿಷಯ ಗಮನಿಸಿ. ತುಂಬ ಕಡಿಮೆ ಬೆಲೆಯ ಸೆಟ್ಟಿನ ವಿವರದಲ್ಲಿ ಎಲ್ಲೋ ಕೆಳಗೆ 'ಟ್ರಾನ್ಸ್‌ಡ್ಯೂಸರ್ ಇಲ್ಲದೆ' ಎಂದು ಇರುತ್ತದೆ. ದೊಡ್ಡ ಬೋಟಿಗೆ ಬೇಕಾದ ಟ್ರಾನ್ಸ್‌ಡ್ಯೂಸರ್ ಸ್ಕ್ರೀನಿನಷ್ಟೇ ಬೆಲೆ ಬಾಳಬಹುದು. ಹೊರದೇಶದಿಂದ ಬರುವ ಸೆಟ್ಟಿನಲ್ಲಿ ಆ ದೇಶದ ಕರಾವಳಿಯ ಚಾರ್ಟ್ ಇರುತ್ತದೆ, ನಮ್ಮದಲ್ಲ. ನಮ್ಮ ಕಡಲಿನ ಚಾರ್ಟ್ ಕಾರ್ಡ್ ಬೇರೆ ಕೊಳ್ಳಬೇಕು. ಕಸ್ಟಮ್ಸ್ ಸುಂಕವೂ ಬೀಳುತ್ತದೆ. ಇದನ್ನೆಲ್ಲ ಕೂಡಿಸಿ ಆಮೇಲೆ ಅಂಗಡಿಯ ಬೆಲೆಯ ಜೊತೆ ಹೋಲಿಸಿ.

ಪ್ರಶ್ನೆ: ನಾವು ಗೆಳೆಯರು ಸೇರಿ ಬೋಟಿಗೆ ವಾಕಿಟಾಕಿ ತರಿಸೋಣ ಅಂತಿದ್ದೇವೆ. ಎರಡರ ಜೋಡಿ ಮೂರು ಸಾವಿರದೊಳಗೆ ಸಿಗುತ್ತದೆ. ಲೈಸೆನ್ಸ್ ಬೇಡ ಎಂದೂ ಬರೆದಿದೆ. ಹಳೆಯ ಮೆರೈನ್ ವಿಎಚ್‌ಎಫ್ (ಕಡಲಿನ ವಯರ್‌ಲೆಸ್) ಸೆಟ್ ಕೂಡ ಒಂದು ನೋಡಿದ್ದೇವೆ. ಯಾವುದು ಒಳ್ಳೆಯದು?
— ಯುವ ಮೀನುಗಾರರು, ಹೊನ್ನಾವರ

ಉತ್ತರ: ತಮ್ಮಂದಿರೇ, ಇದನ್ನು ನಿಧಾನವಾಗಿ ಓದಿ.

ಲೈಸೆನ್ಸ್ ಇಲ್ಲದೆ ಬಳಸಬಹುದಾದ ವಾಕಿಟಾಕಿ ನಮ್ಮ ದೇಶದಲ್ಲಿ ಇದೆ. ಅದು 446 ಮೆಗಾಹರ್ಟ್ಜ್‌ನಲ್ಲಿ ಕಡಿಮೆ ಪವರಿನಲ್ಲಿ ಕೆಲಸ ಮಾಡುವಂಥದ್ದು. ಕಡಲಿನಲ್ಲಿ ಸಹಾಯ ಕೇಳುವ ಚಾನೆಲ್ 16 ಇರುವುದು 156.8 ಮೆಗಾಹರ್ಟ್ಜ್‌ನಲ್ಲಿ. ಅಂದರೆ ನೀವು ಆ ವಾಕಿಟಾಕಿಯಲ್ಲಿ ಎಷ್ಟು ಕೂಗಿದರೂ ಕೋಸ್ಟ್ ಗಾರ್ಡಿಗೆ ಕೇಳಿಸುವುದಿಲ್ಲ, ಪಕ್ಕದಲ್ಲಿ ಹೋಗುವ ಹಡಗಿಗೂ ಕೇಳಿಸುವುದಿಲ್ಲ. ಇನ್ನು ಕೆಲವು ಅಗ್ಗದ ಸೆಟ್ಟುಗಳು ಎಲ್ಲ ಫ್ರೀಕ್ವೆನ್ಸಿಯಲ್ಲೂ ಮಾತಾಡುತ್ತವೆ. ಅವಕ್ಕೆ ಲೈಸೆನ್ಸ್ ಬೇಕು, ಸರ್ಕಾರದ ಒಪ್ಪಿಗೆ ಪಡೆದ ಮಾದರಿಯೂ ಆಗಿರಬೇಕು. ಇದನ್ನು ಮುಚ್ಚಿಟ್ಟು ಮಾರುತ್ತಿದ್ದಾರೆ ಎಂದು 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರುಕಟ್ಟೆಗಳಿಗೆ ನೋಟಿಸ್ ಕೊಟ್ಟಿತ್ತು. ಲಿಸ್ಟಿಂಗಿನಲ್ಲಿ ಫ್ರೀಕ್ವೆನ್ಸಿ ಬರೆದಿಲ್ಲ ಎಂದರೆ ಮುಂದೆ ನೋಡುವುದೇ ಬೇಡ.

ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಸಣ್ಣ ಸಾಧನಗಳೂ ಹೊರದೇಶದ ಸೈಟುಗಳಲ್ಲಿ ಸಿಗುತ್ತವೆ. ಅನುಮತಿ ಇಲ್ಲದೆ ಅವನ್ನು ಇಟ್ಟುಕೊಂಡರೆ ಕೇಸು ಬೀಳುತ್ತದೆ. ತರಿಸಲೇಬೇಡಿ.

ಹಳೆಯ ಮೆರೈನ್ ವಿಎಚ್‌ಎಫ್ ವಿಷಯ. ಡಿಎಸ್‌ಸಿ (ಅಪಾಯದ ಸಂದೇಶವನ್ನು ತಾನಾಗಿ ಕಳಿಸುವ ವ್ಯವಸ್ಥೆ) ಇರುವ ಸೆಟ್ಟಿನಲ್ಲಿ ಒಂದು ಕೆಂಪು ಬಟನ್ ಇರುತ್ತದೆ. ಅಪಾಯದಲ್ಲಿ ಒತ್ತಿದರೆ ಚಾನೆಲ್ 70ರಲ್ಲಿ ನಿಮ್ಮ ಬೋಟನ್ನು ಗುರುತಿಸುವ ಎಂಎಂಎಸ್‌ಐ ನಂಬರ್ ಹೋಗುತ್ತದೆ. ಅದು ಒಂಬತ್ತು ಅಂಕಿಯದ್ದು, ಭಾರತದ ಬೋಟುಗಳದ್ದು 419ರಿಂದ ಶುರು. ಹೆಚ್ಚಿನ ಸೆಟ್ಟುಗಳಲ್ಲಿ ಈ ನಂಬರನ್ನು ನಾವು ಒಂದೇ ಸಲ ಹಾಕಬಹುದು, ಬದಲಿಸಬೇಕೆಂದರೆ ಕಂಪನಿಯ ಸರ್ವಿಸ್‌ನವರೇ ಬೇಕು. ಸೆಕೆಂಡ್‌ಹ್ಯಾಂಡ್ ಸೆಟ್ಟಿನೊಳಗೆ ಹಿಂದಿನ ಬೋಟಿನ ನಂಬರೇ ಕೂತಿರುತ್ತದೆ. ನೀವು ಬಟನ್ ಒತ್ತಿದರೆ ಬೇರೆ ಯಾರದೋ ಬೋಟ್ ಮುಳುಗುತ್ತಿದೆ ಎಂದು ದಾಖಲೆ ಹೇಳುತ್ತದೆ. ಹುಡುಕುವವರು ಯಾರ ಮನೆಗೆ ಫೋನ್ ಮಾಡಬೇಕು?

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟಿನಲ್ಲಿ ಏಳು ಜನ ಇದ್ದರು. ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಮಹಾರಾಷ್ಟ್ರದ ಮಾಲ್ವಣ್ ಆಚೆಯ ಕಡಲಿನಲ್ಲಿ ಅದರ ಅವಶೇಷ ಪತ್ತೆ ಮಾಡಿದ್ದು 2019ರ ಮೇನಲ್ಲಿ. ಬೋಟ್ ಎಲ್ಲಿದೆ ಎಂದೇ ತಿಳಿಯದೆ ಆ ಮನೆಗಳವರು ಕಾದ ತಿಂಗಳುಗಳನ್ನು ಈ ಬಂದರಿನಲ್ಲಿ ಎಲ್ಲರೂ ನೋಡಿದ್ದೇವೆ. ಹಾಗಾಗಿ ಸಹಾಯ ಕೇಳುವ ಸಾಧನದ ವಿಷಯದಲ್ಲಿ ರಿಯಾಯಿತಿಯ ಮಾತು ಬಂದರೆ ನನಗೆ ಸಹಿಸಲು ಆಗುವುದಿಲ್ಲ. ಹೊಸ ಮೆರೈನ್ ವಿಎಚ್‌ಎಫ್ ಸೆಟ್ಟನ್ನೇ ತಗೊಳ್ಳಿ, ಲೈಸೆನ್ಸ್ ಮಾಡಿಸಿ, ನಿಮ್ಮದೇ ನಂಬರ್ ಹಾಕಿಸಿ.

ಜೊತೆಗೆ ಇಸ್ರೋ ತಂತ್ರಜ್ಞಾನದ ಟ್ರಾನ್ಸ್‌ಪಾಂಡರ್ ಉಚಿತವಾಗಿ ಸಿಗುತ್ತದೆ. ದೇಶದ ಒಂದು ಲಕ್ಷ ಬೋಟುಗಳಿಗೆ ಕೊಡುವ ಆ ಯೋಜನೆ 2024ರ ಆಗಸ್ಟಿನಲ್ಲಿ ಶುರುವಾಯಿತು. ಮೊಬೈಲ್ ಸಿಗ್ನಲ್ ಇಲ್ಲದ ಜಾಗದಿಂದಲೂ ಅದು ಮೆಸೇಜ್ ಕಳಿಸುತ್ತದೆ, ದಡದಿಂದಲೂ ಮೆಸೇಜ್ ಬರುತ್ತದೆ. ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ನಿಮ್ಮ ಬೋಟಿನ ಹೆಸರು ಸೇರಿದೆಯಾ ಎಂದು ಕೇಳಿ. ಸಿಗ್ನಲ್ ಇರುವಲ್ಲಿ ಕೋಸ್ಟ್ ಗಾರ್ಡ್ ನಂಬರ್ 1554, ಕರಾವಳಿ ಕಾವಲು ಪೊಲೀಸ್ 1093. ಕ್ಯಾಬಿನ್ನಿನ ಗೋಡೆಗೆ ದೊಡ್ಡದಾಗಿ ಬರೆದಿಡಿ.

ಪ್ರಶ್ನೆ: ಸೆಕೆಂಡ್‌ಹ್ಯಾಂಡ್ ಜಿಪಿಎಸ್ ತರಿಸಿದೆ. ಜಾಗ ಸರಿ ತೋರಿಸುತ್ತದೆ, ಆದರೆ ತಾರೀಖು ಸುಮಾರು ಇಪ್ಪತ್ತು ವರ್ಷ ಹಿಂದಿನದು. ಮೋಸ ಹೋದೆನಾ?
— ತಂಡೇಲರು, ಭಟ್ಕಳ

ಉತ್ತರ: ಮೋಸಕ್ಕಿಂತ ಹೆಚ್ಚಾಗಿ ಇದು ಸೆಟ್ಟಿನ ವಯಸ್ಸು. ಜಿಪಿಎಸ್ ಉಪಗ್ರಹಗಳು ವಾರಗಳನ್ನು 0ಯಿಂದ 1023ರವರೆಗೆ ಎಣಿಸಿ ಮತ್ತೆ 0ಯಿಂದ ಶುರು ಮಾಡುತ್ತವೆ. 1999ರ ಆಗಸ್ಟಿನಲ್ಲಿ ಒಮ್ಮೆ ಹೀಗಾಯಿತು, 2019ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ. ಹಳೆಯ ಸೆಟ್ಟಿಗೆ ಈಗ ಎಷ್ಟನೇ ಸುತ್ತು ಎಂದು ಗೊತ್ತಾಗುವುದಿಲ್ಲ. ಹಾಗಾಗಿ 1024 ವಾರ, ಅಂದರೆ ಹತ್ತೊಂಬತ್ತೂವರೆ ವರ್ಷಕ್ಕಿಂತ ಸ್ವಲ್ಪ ಜಾಸ್ತಿ, ಹಿಂದೆ ಹೋಗುತ್ತದೆ. ಜಾಗ ಸಾಮಾನ್ಯವಾಗಿ ಸರಿಯೇ ಇರುತ್ತದೆ. ತಾರೀಖಿನ ಮೇಲೆ ನಡೆಯುವ ಉಬ್ಬರವಿಳಿತದ ಲೆಕ್ಕ, ಸೂರ್ಯೋದಯದ ಹೊತ್ತು ಮಾತ್ರ ನಂಬಬೇಡಿ. ಆ ಮಾಡೆಲ್ಲಿಗೆ ಹೊಸ ಸಾಫ್ಟ್‌ವೇರ್ ಬಂದಿದ್ದರೆ ಹಾಕಿಸಿ. ಹಿಂದಿನವರು ಗುರುತು ಮಾಡಿಟ್ಟ ಪಾಯಿಂಟುಗಳನ್ನೆಲ್ಲ ಅಳಿಸಿ ನಿಮ್ಮವನ್ನು ಹಾಕಿಕೊಳ್ಳಿ. ಹಳೆಯ ಜಿಪಿಎಸ್ ಕೊಳ್ಳುವ ಉಳಿದವರು ಮೊದಲೇ ಸೆಟ್ ಆನ್ ಮಾಡಿಸಿ ತಾರೀಖು ಕಾಣುವಂತೆ ಫೋಟೋ ತರಿಸಿಕೊಳ್ಳಿ.

ಪ್ರಶ್ನೆ: ಸರ್, ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ. ತದಡಿಯಲ್ಲಿ ಅಪ್ಪನಿಗೆ ನಾಡದೋಣಿ ಇದೆ. ಅವರಿಗೆಂದು ಹೊಸ ಫಿಶ್ ಫೈಂಡರ್ ಆರ್ಡರ್ ಮಾಡಿದೆ. ಬಂದದ್ದು ಬಳಸಿದ ಸೆಟ್. ಹಿಂದುಗಡೆ ಸ್ಕ್ರೂ ಗುರುತು, ಆನ್ ಮಾಡಿದರೆ ಒಳಗೆ ಯಾರೋ ಹಾಕಿದ ಪಾಯಿಂಟುಗಳು. 'ನೀವು ವ್ಯಾಪಾರಕ್ಕೆ ಕೊಂಡವರು, ಗ್ರಾಹಕರಲ್ಲ' ಎಂದು ಮಾರಾಟಗಾರ ಹೇಳುತ್ತಿದ್ದಾನೆ. ಇದು ಸರಿಯೇ?
— ಮಗಳು, ಬೆಂಗಳೂರು

ಉತ್ತರ: ಸರಿಯಲ್ಲ, ತಂಗಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಇದಕ್ಕೆ ಸ್ಪಷ್ಟ ಉತ್ತರ ಇದೆ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡು ನಡೆಸಲು ಮಾತ್ರ ಬಳಸುವ ಸಾಮಾನು ವ್ಯಾಪಾರದ ಉದ್ದೇಶದ್ದು ಎಂದು ಆಗುವುದಿಲ್ಲ. ಅಪ್ಪ ತಾವೇ ದೋಣಿ ಹತ್ತಿ ಮೀನು ಹಿಡಿದು ಬದುಕುವವರು. ಹತ್ತು ಬೋಟ್ ಇಟ್ಟು ಸಂಬಳಕ್ಕೆ ಜನ ಇಟ್ಟವರ ಮಾತು ಬೇರೆ. ಆರ್ಡರ್ ಮಾಡುವಾಗ ಜಿಎಸ್‌ಟಿ ನಂಬರ್ ಹಾಕಿ ಬಿಸಿನೆಸ್ ರಿಯಾಯಿತಿ ತೆಗೆದುಕೊಂಡಿದ್ದರೆ ಮಾತ್ರ ಅವನ ವಾದಕ್ಕೆ ಸ್ವಲ್ಪ ಬಲ ಬರುತ್ತದೆ. ನೀವು ಸಾಮಾನ್ಯ ಖಾತೆಯಿಂದಲೇ ಕೊಂಡಿರಬೇಕು ಎಂದುಕೊಂಡಿದ್ದೇನೆ.

2020ರ ಇ-ಕಾಮರ್ಸ್ ನಿಯಮದ ಪ್ರಕಾರ ಹೇಳಿದ್ದೊಂದು, ಕಳಿಸಿದ್ದೊಂದು ಆದರೆ ಮಾರಾಟಗಾರ ಸಾಮಾನನ್ನು ವಾಪಸ್ ತೆಗೆದುಕೊಳ್ಳಲು ನಿರಾಕರಿಸುವಂತಿಲ್ಲ. ದೂರು ಬಂದ 48 ಗಂಟೆಯೊಳಗೆ ಸ್ವೀಕರಿಸಿದ್ದೇವೆ ಎಂದು ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆ ಪಾಯಿಂಟುಗಳನ್ನು ಅಳಿಸಬೇಡಿ. ಬಳಸಿದ ಸೆಟ್ ಎನ್ನುವುದಕ್ಕೆ ಅವೇ ನಿಮ್ಮ ಸಾಕ್ಷಿ. ಸ್ಕ್ರೀನಿನ ಫೋಟೋ, ಸೀರಿಯಲ್ ನಂಬರ್, ಡಬ್ಬಿಯ ಮೇಲಿನ ಆಮದುದಾರರ ಲೇಬಲ್ ಎಲ್ಲದರ ಚಿತ್ರ ತೆಗೆದಿಡಿ. ಸೀರಿಯಲ್ ನಂಬರನ್ನು ತಯಾರಕರಿಗೆ ಇಮೇಲ್ ಮಾಡಿ, ಅದು ಮೊದಲೇ ಯಾರ ಹೆಸರಿನಲ್ಲಾದರೂ ನೋಂದಣಿ ಆಗಿದೆಯಾ ಎಂದು ಕೇಳಿ. ಫೋನಿನಲ್ಲಿ ವಾದ ಮಾಡಬೇಡಿ, ಎಲ್ಲವನ್ನೂ ಬರೆದೇ ಕಳಿಸಿ.

ಅದಕ್ಕೂ ಬಗ್ಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ಮಾರಾಟಗಾರ ಯಾವ ಊರಿನಲ್ಲಿದ್ದರೂ ನೀವಿರುವ ಊರಿನಲ್ಲೇ ದೂರು ಕೊಡಬಹುದು. ಐದು ಲಕ್ಷದವರೆಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಕೊಟ್ಟರೆ ಆಯಿತು. ಬಿಲ್ ನಿಮ್ಮ ಹೆಸರಿನಲ್ಲಿದ್ದರೆ ದೂರೂ ನಿಮ್ಮ ಹೆಸರಿನಲ್ಲೇ ಇರಲಿ, ದೋಣಿ ಅಪ್ಪನದ್ದು ಎನ್ನುವ ದಾಖಲೆಯ ಪ್ರತಿ ಜೊತೆಗಿಡಿ.

ದುಡ್ಡು ವಾಪಸ್ ಬಂದ ಮೇಲೆ ಅಪ್ಪನಿಗೆ ಯಾವುದು ಕೊಡಿಸಬೇಕು ಎಂದೂ ಹೇಳುತ್ತೇನೆ. ಹತ್ತು-ಹದಿನೈದು ಮಾರಿನ ಒಳಗೆ ಬಲೆ ಬಿಡುವ ನಾಡದೋಣಿಗೆ ದೊಡ್ಡ ಸೆಟ್ ಬೇಡ. ಐದಿಂಚಿನ ಸ್ಕ್ರೀನ್, ದೋಣಿಯ ಹಿಂಬದಿಗೆ ಕೂರಿಸುವ 200 ಕಿಲೋಹರ್ಟ್ಜ್ ಟ್ರಾನ್ಸ್‌ಡ್ಯೂಸರ್ ಸಾಕು, ತೂತು ಕೊರೆಯುವ ಕೆಲಸವೂ ಇಲ್ಲ. ಐಪಿಎಕ್ಸ್7 ಎಂದು ಬರೆದಿರಲಿ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂದು ಅದರ ಅರ್ಥ. 12 ವೋಲ್ಟಿನ ಸಣ್ಣ ಬ್ಯಾಟರಿ ಇದಕ್ಕೆಂದೇ ಬೇರೆ ಇಡಲಿ. ಪ್ಲಸ್ ವಯರಿಗೆ ಬ್ಯಾಟರಿಯ ಹತ್ತಿರವೇ ಸೆಟ್ಟಿನ ಜೊತೆ ಬಂದ ಪುಸ್ತಕದಲ್ಲಿ ಹೇಳಿದಷ್ಟು ಆಂಪಿಯರಿನ ಫ್ಯೂಸ್ ಹಾಕಿಸಿ. ಕೂರಿಸುವಾಗ ಟ್ರಾನ್ಸ್‌ಡ್ಯೂಸರ್ ಪ್ರೊಪೆಲ್ಲರ್‌ನಿಂದ ದೂರ ಇರಲಿ, ಗುಳ್ಳೆ ಬರುವ ಜಾಗದಲ್ಲಿ ಏನೂ ಕಾಣುವುದಿಲ್ಲ.